ಶೀನಪ್ಪನ ಕೈಫಿಯತ್ತು

ನಂತೂರು, ಮಂಗಳೂರು
ತಾ. ೨೧-೧೧-೧೯೫೭, ಗುರುವಾರ

ಪ್ರೀತಿಯ ತಮ್ಮ ಚಿತ್ತರಂಜನನಿಗೆ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಹುಳಿತೇಗು ಈಗ ಹೇಗಿದೆ? ಹೋಟೆಲಿನ ಮ್ಯಾನೇಜರನಾಗಿ ಅದೇ ಹೋಟೆಲಿನ ತಿಂಡಿಯನ್ನು ಮೂರು ಹೊತ್ತು ತಿಂದರೆ ಇನ್ನೇನಾಗುತ್ತದೆ? ಬೆಳಿಗ್ಗೆ ಒಂದು ಹೊತ್ತಾದರೂ ಮನೆಯಲ್ಲಿ ಗಂಜಿ ಕುಡಿ ಎಂದು ಹತ್ತು ಸಲ ಬರೆದಿದ್ದೇನೆ. ಸ್ವರ್ಣಲತಾಳ ಮೊಣಕಾಲಿಗೆ ಎಣ್ಣೆ ಕಳುಹಿಸಿದ್ದೆ, ತಲುಪಿತೋ ಇಲ್ಲವೋ ಎಂದು ನೀವಿಬ್ಬರೂ ಬರೆಯಲಿಲ್ಲ. ಮುಂಬಯಿಯ ಮೂರನೇ ಮಾಳಿಗೆ ಹತ್ತಿ ಇಳಿದು ಅವಳ ಕಾಲು ಹೋಗಿದೆ, ಪಾಪ, ಅವಳನ್ನು ನೀರಿಗೆಂದು ಕೆಳಗೆ ಕಳುಹಿಸಬೇಡ. ನಾನು ಇದ್ದೇನೆ. ಕೆಮ್ಮು ದೀಪಾವಳಿಗೆ ಬಂದದ್ದು ಇನ್ನೂ ಹೊರಟಿಲ್ಲ. ಕನ್ನಡಕ ಬದಲಾಯಿಸಿದೆ. ಹಳೆಯ ಬರವಣಿಗೆ ಓದಿ ಓದಿ ಕಣ್ಣು ಹಾಳಾದದ್ದು. ಯಾವ ಬರವಣಿಗೆ ಎಂದು ಮುಂದೆ ಹೇಳುತ್ತೇನೆ.

ನಿನ್ನ ಕಾಗದ ಮೊನ್ನೆ ಸೋಮವಾರ ಬಂತು. ಇಲ್ಲಿನ ವಾರಪತ್ರಿಕೆಯಲ್ಲಿ ಬರುವ ನಿನ್ನ ಧಾರಾವಾಹಿ ಪುಸ್ತಕವಾಗಿ ಬರುತ್ತಿದೆ, ಡಿಸೆಂಬರಿನಲ್ಲಿ ಇಲ್ಲಿ ಸಭೆ ಮಾಡಿ ನಿನಗೆ ಶಾಲು ಹೊದೆಸುತ್ತಾರೆ, ಪುಸ್ತಕದ ಮೊದಲಿಗೆ ನಾನು "ಅಕ್ಕನ ಎರಡು ಮಾತು" ಬರೆಯಬೇಕು ಎಂದು ಕೇಳಿದ್ದೀಯಲ್ಲ. ಇದರಲ್ಲಿರುವುದೆಲ್ಲ ನಮ್ಮ ಮನೆತನದ ನಿಜವಾದ ಚರಿತ್ರೆ, ನಾನೇ ಪರಿಶೀಲಿಸಿದ್ದೇನೆ ಎಂದು ಬರೆದರೆ ಸಾಕಂತೆ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಚರಿತ್ರೆ ಕಲಿಸಿದವಳ ಸಹಿ ನಿನಗೆ ಬೇಕು, ಅವಳ ಕೆಲಸ ಬೇಡ. ಆ ಎರಡು ಮಾತು ನಾನು ಬರೆಯುವುದಿಲ್ಲ. ಯಾಕೆ ಎಂದು ಕ್ರಮವಾಗಿ ಹೇಳುತ್ತೇನೆ. ಮಧ್ಯದಲ್ಲಿ ಕಾಗದ ಮಡಚಿ ಇಡಬೇಡ, ನಿನಗೆ ಆ ಅಭ್ಯಾಸ ಉಂಟು.

ಏಪ್ರಿಲ್‌ನಲ್ಲಿ ನೀನು ಒಂದು ಕಾರ್ಡು ಬರೆದಿದ್ದೆ. ನಮ್ಮ ಅಜ್ಜಿಯ ಸೋದರಮಾವ ಶೀನಪ್ಪಜ್ಜ ಹದಿನೆಂಟುನೂರ ಮೂವತ್ತೇಳರ ಕಾಟಕಾಯಿ ದಂಗೆಯಲ್ಲಿ ಕಂಪೆನಿಯವರ ವಿರುದ್ಧ ಎದ್ದವರ ಜೊತೆ ಇದ್ದನಂತಲ್ಲ, ಅವನ ಮೇಲೆ ಕಾದಂಬರಿ ಬರೆಯುತ್ತೇನೆ, ಊರಿನ ವಿವರ ಬೇಕು ಎಂದು ಹದಿನಾಲ್ಕು ಪ್ರಶ್ನೆ ಹಾಕಿದ್ದೆ. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಬೇಸಗೆ ರಜೆ ಪೂರ್ತಿ ನಿನ್ನ ಪ್ರಶ್ನೆಗಳ ಹಿಂದೆ ಓಡಿದೆ. ನಮ್ಮ ಶಾಲೆಯ ನೆಲ್ಲಿ ಟೀಚರನ್ನು ಜೊತೆಗೆ ಕರೆದುಕೊಂಡು ಇಲ್ಲಿಂದ ವಾಮಂಜೂರಿನ ದಾರಿಯಾಗಿ ಗುರುಪುರದಲ್ಲಿ ದೋಣಿಯಿಂದ ಹೊಳೆ ದಾಟುವ ಹಳೆಯ ಕಡವಿನವರೆಗೆ ನಡೆದೆ. ಐವತ್ತಮೂರು ವರ್ಷದ ಹೆಂಗಸು ಬಿಸಿಲಿನಲ್ಲಿ ಬಸ್ಸು ಬಿಟ್ಟು ನಡೆದದ್ದು ಯಾಕೆ? ಒಬ್ಬ ಮನುಷ್ಯನಿಗೆ ಆ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿನಗೆ ಹೇಳಲಿಕ್ಕೆ. ಎರಡೂವರೆ ಗಂಟೆ ಹಿಡಿಯಿತು. ನೆಲ್ಲಿಯ ಚಪ್ಪಲಿ ಕುಲಶೇಖರದಲ್ಲೇ ಕಿತ್ತುಹೋಯಿತು. ಇಪ್ಪತ್ತೆರಡು ಪುಟ ಬರೆದು ಕಳುಹಿಸಿದೆ. ಅದರಲ್ಲಿ ನೀನು ಉಪಯೋಗಿಸಿದ್ದು ಹೆಂಗಸರ ಒಡವೆಯ ಅರ್ಧ ಪುಟ.

ನಿನ್ನ ಶೀನಪ್ಪ ನಂತೂರಿನಿಂದ ಹೊಳೆಯ ಬದಿಗೆ ಬಿಳಿ ಕುದುರೆಯ ಮೇಲೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಲುಪುತ್ತಾನೆ. ಇಪ್ಪತ್ತೆರಡು ವರ್ಷದ ಒಕ್ಕಲು ಹುಡುಗನಿಗೆ ಕುದುರೆ ಎಲ್ಲಿಂದ ಬಂತು ಮಾರಾಯ? ನಮ್ಮಲ್ಲಿ ಇದ್ದದ್ದು ಕೋಣ. ಹೊಳೆ ಕೆಂಪಾಗಿ ಉಕ್ಕುತ್ತಿತ್ತು ಎಂದು ಬರೆದಿದ್ದೀ. ಅದು ಸುಗ್ಗಿ ತಿಂಗಳು, ಸುಡುಬೇಸಗೆ ಎಂದು ನಾನು ಎರಡು ಸಲ ಗೀಟು ಹಾಕಿ ತಿಳಿಸಿದ್ದೆ. ಆಗ ಆ ಹೊಳೆಯಲ್ಲಿ ಉಪ್ಪುನೀರು ಹತ್ತಿ ಇಳಿಯುತ್ತದೆ ಹೊರತು ಉಕ್ಕುವುದಿಲ್ಲ. ಮನೆಯ ಮೇಲೆ ಹಂಚು ಹೊದೆಸಿದ್ದೀ. ಹಂಚಿನ ಕಾರ್ಖಾನೆ ಬಂದದ್ದು ಅದಾಗಿ ಸುಮಾರು ಮೂವತ್ತು ವರ್ಷದ ಮೇಲೆ. ನಾಯಕಿ ಕಡ್ಡಿಪೆಟ್ಟಿಗೆಯಿಂದ ಕಡ್ಡಿ ಗೀರಿ ಚಿಮಿಣಿ ದೀಪ ಹಚ್ಚುತ್ತಾಳೆ. ಗೋಡೆಗೋಡೆಗೆ ಬಂಡಾಯದವರ ಅಚ್ಚಾದ ಕರಪತ್ರ ಅಂಟಿಸುತ್ತಾರೆ, ಈ ಊರಿಗೆ ಅಚ್ಚಿನ ಕಲ್ಲು ಬರುವುದಕ್ಕೆ ನಾಲ್ಕು ವರ್ಷ ಮೊದಲೇ. ನಿನ್ನ ಬಂಡಾಯಗಾರರು ಕಂಪೆನಿಯನ್ನು ಸೋಲಿಸಲಿಲ್ಲ ಎಂಬುದೇ ಆಶ್ಚರ್ಯ, ಬೇರೆ ಯಾರಿಗೂ ಸಿಗದ್ದೆಲ್ಲ ಅವರ ಹತ್ತಿರ ಇತ್ತಲ್ಲ. ನಾನು ಇದನ್ನೆಲ್ಲ ಓದುವಾಗ ನೆಲ್ಲಿ ಪಕ್ಕದಲ್ಲಿದ್ದಳು. "ನಿಮ್ಮ ತಮ್ಮ ನಿಮ್ಮ ಕಾಗದ ಒಡೆದು ನೋಡಿದ್ದಾರಾ ಟೀಚರ್?" ಎಂದು ಕೇಳಿದಳು. ಆ ವಾರದ ಪತ್ರಿಕೆಯಲ್ಲೇ ನೀನು ದೊಡ್ಡ ಮನಸ್ಸು ಮಾಡಿ "ವಿವರಗಳನ್ನೆಲ್ಲ ಬಹಳ ಶ್ರಮವಹಿಸಿ ಒದಗಿಸಿದವರು ನನ್ನ ಅಕ್ಕ ಉಮಾವತಿ ಟೀಚರ್" ಎಂದು ಹಾಕಿಸಿದ್ದೆ. ಶಾಲೆಯಲ್ಲಿ, ಬಸ್ಸಿನಲ್ಲಿ, ಮೀನು ಮಾರುವವಳ ಬಳಿ ಕೂಡ ಎಲ್ಲರಿಗೂ ಗೊತ್ತು, ಶೀನಪ್ಪಜ್ಜನಿಗೆ ಬಿಳಿ ಕುದುರೆ ಕೊಡಿಸಿದವಳು ನಾನೇ ಎಂದು.

ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ನೀನು ಚಿಕ್ಕಂದಿನಲ್ಲೂ ಲೆಕ್ಕ ಮಾಡದೆ ಹಿಂದಿನ ಪುಟದ ಉತ್ತರ ನೋಡಿ ಬರೆಯುತ್ತಿದ್ದವನು, ಅದೂ ತಪ್ಪು ಲೆಕ್ಕದ ಉತ್ತರ. ಆದರೆ ಹದಿನೈದನೆಯ ಕಂತು ಬಂತು. ಅದರಲ್ಲಿ ಕಡವಿನ ದೋಣಿಯ ಅಬೂಬಕ್ಕರ್ ಎಂಬವನು ಶೀನಪ್ಪನನ್ನು ಅಡಗಿಸುವ ನಾಟಕ ಮಾಡಿ, ಒಂದು ಚೀಲ ಬೆಳ್ಳಿಗೆ ಅವನನ್ನು ಸಿಪಾಯಿಗಳಿಗೆ ಹಿಡಿದುಕೊಡುತ್ತಾನೆ. ಶೀನಪ್ಪ ಸರಪಳಿ ಹರಿದು ತಪ್ಪಿಸಿಕೊಳ್ಳುತ್ತಾನೆ, ಅದು ಬೇರೆ. ಆ ಹೆಸರು ನಿನಗೆ ಕೊಟ್ಟವಳು ನಾನು. ಒಂಬತ್ತನೆಯ ಪ್ರಶ್ನೆಗೆ ಉತ್ತರವಾಗಿ, ಆ ಕಾಲದಲ್ಲಿ ಕಡವಿನಲ್ಲಿ ದೋಣಿ ಇದ್ದದ್ದು ಅಬೂಬಕ್ಕರ್ ಎಂಬವರದ್ದು, ಇವತ್ತು ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ಅಹ್ಮದ್ ಬಾವರ ಮುತ್ತಜ್ಜ ಎಂದು ಬರೆದಿದ್ದೆ. ಅದನ್ನು ತಿಳಿಯಲಿಕ್ಕೆಂದೇ ಮೇ ತಿಂಗಳಲ್ಲಿ ಬಾವರ ಅಂಗಡಿಗೆ ಹೋಗಿದ್ದೆ. ಎಪ್ಪತ್ತು ವರ್ಷದ ಮನುಷ್ಯ, ಎದ್ದು ನಿಂತು ನನಗೆ ಬೆಂಚು ಬಿಟ್ಟುಕೊಟ್ಟು ಶರಬತ್ತು ತರಿಸಿದರು. "ನಮ್ಮ ಮುತ್ತಜ್ಜನಿಗೆ ಮೂರು ದೋಣಿ ಇತ್ತಂತೆ" ಎಂದರು. ಮತ್ತೆ ಎಂತಾಯಿತು ಎಂದು ಕೇಳಿದೆ. "ಹಳೇ ಕತೆ ಟೀಚರೇ, ಬಿಸಿಲಿಗೆ ಬಂದಿದ್ದೀರಿ, ಕುಡೀರಿ" ಎಂದಷ್ಟೇ ಹೇಳಿದರು. ನಾನು ಶರಬತ್ತು ಕುಡಿದು, ಹೆಸರು ಬರೆದುಕೊಂಡು ಬಂದೆ.

ಆ ಮನೆಯವರನ್ನು ಇವತ್ತಿಗೂ ಬಂದರಿನಲ್ಲಿ ಕಡವಿನ ಮನೆಯವರು ಎಂದೇ ಕರೆಯುವುದು. ಬಾವರ ಮೊಮ್ಮಗಳು ಸೌದಾ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿ. ಆ ಮನೆಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಅವಳ ಅಪ್ಪ ಹಾಶಿಂ ಕೊಲಂಬೋದಲ್ಲಿ ಅಂಗಡಿ ಇಟ್ಟವನು, ಹುಡುಗಿಗೆ ಇಷ್ಟು ಓದು ಯಾಕೆ ಎನ್ನುವವನು. ಅಜ್ಜ ಹಟ ಹಿಡಿದು ಕಳುಹಿಸುತ್ತಿದ್ದರು. ಹದಿನೈದನೆಯ ಕಂತು ಬಂದ ಮರುದಿನ ತರಗತಿಯಲ್ಲಿ ಯಾರೋ ಅವಳ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ "ಒಂದು ಚೀಲ ಬೆಳ್ಳಿ" ಎಂದು ಬರೆದರು. ಅವಳು ಅದನ್ನು ಕೈಯಿಂದ ಒರಸಿ ಕುಳಿತಳು. ಮರುದಿನ ಮತ್ತೆ ಬರೆದರು. ನಾನು ಬೈದೆ, ಕಿವಿ ಹಿಂಡಿದೆ. ಒಬ್ಬಳು ಎದ್ದು ನಿಂತು ಕೇಳಿದಳು, "ನಿಜ ಅಲ್ವಾ ಟೀಚರ್? ನೀವೇ ಬರೆದುಕೊಟ್ಟದ್ದಂತೆ." ನಾನು ಬೈಯುವುದು ಬಿಟ್ಟು ಆ ಬೆಂಚು ಒರಸಿದೆ. ಆ ವಾರದ ಶುಕ್ರವಾರದಿಂದ ಸೌದಾ ಬರಲಿಲ್ಲ.

ಬಾವರ ಮನೆಗೆ ಹೋದೆ. ಬೆಂಚು ಬಿಟ್ಟುಕೊಟ್ಟರು, ಆಗಿನಂತೆಯೇ. "ಅಚ್ಚಾಗಿ ಬಂದದ್ದಲ್ವಾ ಟೀಚರೇ, ಮಕ್ಕಳು ನಂಬ್ತಾರೆ. ಮಕ್ಕಳದ್ದು ತಪ್ಪಿಲ್ಲ" ಎಂದರು. ಹಾಶಿಂ ಕೊಲಂಬೋದಿಂದ ಕಾಗದ ಬರೆದಿದ್ದಾನೆ, ಓದು ಸಾಕು, ಗಂಡು ನೋಡಿ ಎಂದು. ಹೇಳುವಾಗ ಅವರ ಕಣ್ಣು ನೆಲದಲ್ಲಿತ್ತು. ಕೊನೆಗೆ ಮೆತ್ತಗೆ ಕೇಳಿದರು, "ನಿಮ್ಮ ತಮ್ಮನಿಗೆ ಇದನ್ನು ಯಾರು ಹೇಳಿದ್ದು?"

ಅದೇ ಪ್ರಶ್ನೆಯನ್ನು ನಾನು ನಿನಗೆ ಸೆಪ್ಟೆಂಬರಿನಲ್ಲಿ ಬರೆದೆ. ನಿನ್ನ ಉತ್ತರ ಇಲ್ಲೇ ಮೇಜಿನ ಮೇಲುಂಟು. "ಅಕ್ಕಾ, ಕಥೆಗೆ ಒಬ್ಬ ದ್ರೋಹಿ ಬೇಕಲ್ಲ. ಚರಿತ್ರೆ ಬರೀ ಮೂಳೆ, ಮಾಂಸ ತುಂಬುವುದು ಕವಿಯ ಕೆಲಸ." ನೂರಾರು ಹೆಸರುಗಳ ನಡುವೆ, ಬದುಕಿರುವ ಮರಿಮಕ್ಕಳಿರುವ ಹೆಸರನ್ನೇ ಆರಿಸಿ ಅದರ ಮೇಲೆ ಹೇಸಿಗೆ ಸುರಿಯುವುದಕ್ಕೆ ನೀನು ಇಟ್ಟ ಹೆಸರು ಕವಿಯ ಕೆಲಸ. ಒಂದು ಹೆಸರು ಕಟ್ಟುವಷ್ಟು ಕಲ್ಪನೆಯೂ ನಿನ್ನಲ್ಲಿ ಇರಲಿಲ್ಲ. ಚರಿತ್ರೆಗೆ ಸೋಮಾರಿ, ಕಲ್ಪನೆಗೂ ಸೋಮಾರಿ. ಎರಡೂ ಗೊತ್ತಿಲ್ಲದವರು ಚಾರಿತ್ರಿಕ ಕಾದಂಬರಿ ಬರೆಯುತ್ತಾರೆ ಎಂದು ನೀನೇ ಜಗತ್ತಿಗೆ ತೋರಿಸಿದ್ದೀ. ಅದನ್ನು ಓದಿ ಕಣ್ಣೀರು ಸುರಿಸಿ ಪತ್ರಿಕೆಗೆ ಓಲೆ ಬರೆಯುವ ನಮ್ಮ ಊರಿನ ವಿದ್ಯಾವಂತರ ಬಗ್ಗೆ ನಾನು ಹೇಳುವುದಿಲ್ಲ, ನಿನ್ನ ಶಾಲಿನ ಸಮಿತಿಯಲ್ಲಿ ಅವರೆಲ್ಲ ಇದ್ದಾರೆ.

ಬಾವರಿಗೆ ಉತ್ತರ ಹೇಳಬೇಕಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯ ಅಣ್ಣ ಜಯ ಎಂಬವನು ಇಲ್ಲಿ ಹಳೆಯ ಸರ್ಕಾರಿ ಕಾಗದಗಳನ್ನು ಇಟ್ಟಿರುವ ಕೋಣೆಯಲ್ಲಿ ಗುಮಾಸ್ತ. ಅನುಮತಿಗೆ ಅರ್ಜಿ ಹಾಕಿ, ಆರು ಶನಿವಾರ ಹೋಗಿ ಕುಳಿತೆ. ಧೂಳಿಗೆ ಕೆಮ್ಮು, ಬರವಣಿಗೆಗೆ ಕಣ್ಣು. ಹೇವಿಳಂಬಿ ಸಂವತ್ಸರದ, ಎಂದರೆ ಆ ಗಲಾಟೆಯ ವರ್ಷದ, ಕಟ್ಟು ಯಾವುದೆಂದು ಹುಡುಕುವುದರಲ್ಲೇ ಎರಡು ಶನಿವಾರ ಹೋಯಿತು. ಗಲಾಟೆ ಅಡಗಿದ ಮೇಲೆ ಹಿಡಿದವರನ್ನೆಲ್ಲ ವಿಚಾರಿಸಿ, ಒಬ್ಬೊಬ್ಬನ ಹೇಳಿಕೆಯನ್ನು ಬರೆಸಿಕೊಂಡಿದ್ದಾರೆ. ಅದಕ್ಕೆ ಕೈಫಿಯತ್ತು ಎನ್ನುತ್ತಾರೆ. ನಾಲ್ಕನೆಯ ಶನಿವಾರ ಶೀನಪ್ಪನ ಕೈಫಿಯತ್ತು ಸಿಕ್ಕಿತು. ಒಂದೂವರೆ ಪುಟ. ನಕಲು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ನಾನು ನಾಲ್ಕು ದಿವಸ ಅಬೂಬಕರ ಬ್ಯಾರಿಯ ದೋಣಿಯಲ್ಲಿ ಅಕ್ಕಿ ಮುಡಿಗಳ ಹಿಂದೆ ಇದ್ದೆನು. ಅವನೇ ಗಂಜಿ ತಂದು ಕೊಟ್ಟನು. ಐದನೇ ದಿವಸ ನಾನಾಗಿ ಠಾಣ್ಯಕ್ಕೆ ಬಂದೆನು. ನನ್ನ ತಪ್ಪು ಮಾಫು ಮಾಡುವುದಾದರೆ ಅವನ ದೋಣಿಗಳನ್ನೂ ಅವನು ಅಡಗಿಸಿದ ಇನ್ನಿಬ್ಬರನ್ನೂ ತೋರಿಸಿಕೊಡುವೆನು."

ಓದಿ, ತಿರುಗಿ ಮೊದಲಿನಿಂದ ಓದಿದೆ. ಆಮೇಲೆ ನನಗೇ ಅನುಮಾನ ಬಂತು. ಶೀನಪ್ಪ ಎಂಬವರು ಆ ಕಾಲದಲ್ಲಿ ಹತ್ತು ಜನ ಇರಬಹುದು. ಕೈಫಿಯತ್ತಿನ ತಲೆಯಲ್ಲಿ "ದೇರಣ್ಣನ ಅಳಿಯ ಶೀನಪ್ಪ, ವಾಮಂಜೂರು, ವಯಸ್ಸು ಇಪ್ಪತ್ತೆರಡು" ಎಂದಿತ್ತು. ಮನೆಗೆ ಬಂದು ಅಮ್ಮನ ಮರದ ಪೆಟ್ಟಿಗೆ ತೆರೆದು ಗದ್ದೆಯ ಹಳೆಯ ಕಾಗದ ನೋಡಿದೆ. ಅದರಲ್ಲೂ ದೇರಣ್ಣ, ಅವನ ತಂಗಿ, ತಂಗಿಯ ಮಗ ಶೀನಪ್ಪ. ಐದನೆಯ ಶನಿವಾರ, ಮುಟ್ಟುಗೋಲಾದ ಜಮೀನುಗಳ ಪಟ್ಟಿ ಹುಡುಕಿದೆ. ಅವನ ಹೆಸರಿನ ಮೇಲೆ ಗೀಟು ಹೊಡೆದು ಪಕ್ಕದಲ್ಲಿ "ಬಿಟ್ಟಿದೆ" ಎಂದು ಬರೆದಿದ್ದರು. ನಾವು ಉಂಡ ಗದ್ದೆ ಅದು. ಆರನೆಯ ಶನಿವಾರ ಅಬೂಬಕ್ಕರರ ಹೆಸರು ಸಿಕ್ಕಿತು. ದೋಣಿ ಮೂರು, ಜಪ್ತಿ. ಆಸಾಮಿಯನ್ನು ಸಮುದ್ರದಾಚೆಗೆ ಕಳುಹಿಸತಕ್ಕದ್ದು. ಹಡಗಿನಲ್ಲಿ ಎಂತಾಯಿತು, ಅಲ್ಲಿ ಎಷ್ಟು ವರ್ಷ ಬದುಕಿದರು ಎಂದು ಆ ಕಾಗದದಲ್ಲಿಲ್ಲ. ಇಲ್ಲದ್ದನ್ನು ನಾನು ಹೇಳುವುದಿಲ್ಲ.

ಶೀನಪ್ಪನನ್ನು ನಾನು ತುಚ್ಛ ಮಾಡುವುದಿಲ್ಲ ತಮ್ಮ. ಇಪ್ಪತ್ತೆರಡು ವರ್ಷ. ಬೈಹುಲ್ಲು ಸುತ್ತಿ ಕಟ್ಟಿದ ಆ ಅಕ್ಕಿ ಮುಡಿಗಳ ಹಿಂದೆ ಕೂರಲಿಕ್ಕೂ ಜಾಗ ಇರಲಾರದು, ಮೇಲೆ ಸುಗ್ಗಿಯ ಸೆಕೆ, ಊರಿನಲ್ಲಿ ಸಾಲುಸಾಲಾಗಿ ಜನರನ್ನು ಹಿಡಿದು ಒಯ್ಯುತ್ತಿದ್ದ ಸುದ್ದಿ. ಹೆದರಿದ. ಹೆದರಿದವನು ಮಾಡುವುದನ್ನು ಮಾಡಿದ. ಆಮೇಲೆ ಅವನು ನಲವತ್ತು ವರ್ಷ ಬದುಕಿದ್ದ, ಗುರುಪುರದ ಸಂತೆಗೆ ಒಂದು ದಿನವೂ ಹೋಗಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದದ್ದು ನಿನಗೂ ನೆನಪಿರಬಹುದು. ಜನಜಂಗುಳಿ ಅವನಿಗೆ ಆಗುವುದಿಲ್ಲ ಎಂದುಕೊಂಡಿದ್ದೆವು ನಾವು. ಆ ನಾಲ್ಕು ದಿನವನ್ನು, ಆ ನಲವತ್ತು ವರ್ಷವನ್ನು ಬರೆದಿದ್ದರೆ ನಿನ್ನ ಕಾಲಿಗೆ ನಾನೇ ಬೀಳುತ್ತಿದ್ದೆ. ನೀನು ಅವನನ್ನು ಕುದುರೆ ಹತ್ತಿಸಿದೆ. ಅವನ ಪಾಪವನ್ನು ತೆಗೆದು ಅವನಿಗೆ ಗಂಜಿ ಕೊಟ್ಟವನ ತಲೆಯ ಮೇಲೆ ಇಟ್ಟೆ. ಗೊತ್ತಿಲ್ಲದೆ ಇಟ್ಟೆ ಎನ್ನುತ್ತೀ. ನಿನ್ನ ಮೇಲೆ ನನಗೆ ಅಸಹ್ಯ ಬಂದದ್ದು ಅದಕ್ಕೇ. ಗೊತ್ತು ಮಾಡಿಕೊಳ್ಳಲಿಕ್ಕೆ ಆರು ಶನಿವಾರ ಸಾಕಿತ್ತು.

ಕಳೆದ ಭಾನುವಾರ ನಕಲು ಹಿಡಿದು ಬಾವರ ಮನೆಗೆ ಹೋದೆ. ಓದಿ ಹೇಳಿದೆ. ಗಂಜಿಯ ಸಾಲನ್ನು ಎರಡು ಸಲ ಓದಿದೆ. ಅವರು ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಹೇಳಿದರು, "ನಮಗೆ ಗೊತ್ತುಂಟು ಟೀಚರೇ. ನಮ್ಮ ಮನೆಯ ಹೆಂಗಸರು ಹೇಳ್ತಾರೆ. ದೋಣಿ ಹೋದ ಮೇಲೆಯೇ ನಾವು ಹೊಳೆ ಬಿಟ್ಟು ಬಂದರಿಗೆ ಬಂದದ್ದು."

ಮತ್ತೆ ಮೇ ತಿಂಗಳಲ್ಲಿ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಖುಷಿಯಲ್ಲಿ ಬಂದಿದ್ರಿ. ನಿಮ್ಮ ಅಜ್ಜನ ಬಗ್ಗೆ ಕೇಳ್ಲಿಕ್ಕೆ ಬಂದವರ ಹತ್ರ ನಾನು ಹೇಗೆ ಹೇಳೂದು?"

ಚಿತ್ತರಂಜನಾ, ನೂರಿಪ್ಪತ್ತು ವರ್ಷ ಆ ಮನೆಯವರು ನಮ್ಮ ಮರ್ಯಾದೆ ಕಾಪಾಡಿದ್ದಾರೆ. ನೀನು ಹದಿನೈದು ಕಂತಿನಲ್ಲಿ ಅವರದ್ದನ್ನು ತೆಗೆದೆ.

ಅವರು ಒಂದೇ ಒಂದು ಕೇಳಿದ್ದು. ಪುಸ್ತಕ ಮಾಡುವಾಗ ಆ ಹೆಸರು ತೆಗೆದುಬಿಡಲಿ, ಬೇರೆ ಯಾವುದಾದರೂ ಹಾಕಲಿ. "ಈ ಕಾಗದದ್ದು ಪೇಪರಿಗೆ ಹಾಕ್ಬೇಡಿ. ನೀವು ನಾಳೆ ಶಾಲೆಗೆ ಹೋಗ್ಬೇಕು, ದಾರಿಯಲ್ಲಿ ನಡೀಬೇಕು." ನಾನು ಒಪ್ಪಿ ಏಳುವುದರಲ್ಲಿದ್ದೆ. ಆಗ ಬಾಗಿಲಿನ ಪರದೆಯ ಆಚೆಯಿಂದ ಸೌದಾ ಮಾತಾಡಿದಳು. ಅಜ್ಜನೂ ನಾನೂ ತುಳುವಿನಲ್ಲಿ ಮಾತಾಡುತ್ತಿದ್ದೆವು, ಅವಳು ಮಾತ್ರ ನಾನು ತರಗತಿಯಲ್ಲಿ ಕಲಿಸಿದ ಕನ್ನಡದಲ್ಲಿ ಹೇಳಿದಳು. "ಹೆಸರು ತೆಗೆದರೆ ಸಾಲದು ಟೀಚರ್. ಓದಿದವರು ಓದಿ ಆಗಿದೆ. ಸುಳ್ಳು ಎಲ್ಲಿ ಅಚ್ಚಾಗಿದೆಯೋ ನಿಜವೂ ಅಲ್ಲಿಯೇ ಅಚ್ಚಾಗಬೇಕು."

ಬಾವರು "ಒಳಗೆ ಹೋಗು" ಎಂದರು. ಅವಳು ಹೋಗಲಿಲ್ಲ. ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು. ಬಾವರು ಬಹಳ ಹೊತ್ತು ಆ ಪಾದವನ್ನೇ ನೋಡಿದರು. "ಅವಳು ನಿಮ್ಮ ಕೈಯಲ್ಲಿ ಕಲಿತವಳು. ನೀವಿಬ್ಬರೂ ಹೇಗೆ ಬೇಕೋ ಹಾಗೆ ಮಾಡಿ" ಎಂದರು. ಹಾಶಿಂಗೆ ತಾನೇ ಬರೆಯುತ್ತೇನೆ ಎಂದೂ ಹೇಳಿದರು.

ಇನ್ನು ನಿನ್ನ ಎರಡು ಮಾತಿನ ವಿಷಯ. ನಿನಗೆ ಮುನ್ನುಡಿ ಬೇಕಾದರೆ ನಿನ್ನ ಪತ್ರಿಕೆಯ ಸಂಪಾದಕರ ಹತ್ತಿರ ಬರೆಸಿಕೊ. ಅವರು ಏನನ್ನು ಬೇಕಾದರೂ ನೋಡದೆ ಹೊಗಳುತ್ತಾರೆ. ಸುಗ್ಗಿ ತಿಂಗಳಲ್ಲಿ ಹೊಳೆ ಉಕ್ಕಿಸಿದವನಿಗೆ ಅವರೇ ಸರಿ.

ಸ್ವರ್ಣಲತಾಳಿಗೆ ನನ್ನ ಪ್ರೀತಿಯ ನೆನಪುಗಳನ್ನು ಹೇಳು. ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ, ಈ ಕಾಗದ ಅವಳಿಗೂ ಓದಿ ಹೇಳು. ಮಕ್ಕಳು ಚೆನ್ನಾಗಿ ಓದಲಿ, ಓದಿದ್ದನ್ನು ನಂಬುವ ಮೊದಲು ಕೇಳಿ ನೋಡುವ ಬುದ್ಧಿ ಬರಲಿ. ನಿನಗೆ ಆರೋಗ್ಯ ಇರಲಿ. ನೀನು ಹುಟ್ಟಿದ ಹತ್ತನೆಯ ದಿನದಿಂದ ಎತ್ತಿ ಆಡಿಸಿದವಳು ನಾನು, ನಿನಗೆ ಕೆಟ್ಟದ್ದು ಬಯಸಲಿಕ್ಕೆ ನನ್ನಿಂದ ಆಗುವುದಿಲ್ಲ. ಒಳ್ಳೆಯದು ಹೇಳಲಿಕ್ಕೆ ಈಗ ಏನೂ ಉಳಿದಿಲ್ಲ, ಅಷ್ಟೇ.

ಇತಿ ನಿನ್ನ ಅಕ್ಕ
ಉಮಾವತಿ

ಮರೆತೆ. ಲಕೋಟೆ ಅಂಟಿಸುವ ಮೊದಲು ಬೇಗ ಬರೆಯುತ್ತಿದ್ದೇನೆ, ಸಂಜೆಯ ಟಪ್ಪಾಲಿಗೆ ಹೋಗಬೇಕು. ಕೈಫಿಯತ್ತಿನ ನಕಲು, ಜಪ್ತಿಯ ಆಜ್ಞೆ, ಗದ್ದೆಯ ಕಾಗದ, ನಿನಗೆ ಆ ಹೆಸರು ಕೊಟ್ಟವಳು ನಾನು ಎಂಬ ಒಪ್ಪಿಗೆ, ಎಲ್ಲವನ್ನೂ ಸೇರಿಸಿ ನನ್ನ ಸಹಿಯಲ್ಲಿ ಪತ್ರಿಕೆಗೆ ಕೊಟ್ಟಾಗಿದೆ. ಸಂಪಾದಕರಿಗೆ ಸತ್ಯದ ಮೇಲೆ ಪ್ರೀತಿ ಹುಟ್ಟಿತು ಎಂದುಕೊಳ್ಳಬೇಡ, ಜಗಳ ಹಾಕಿದರೆ ಪ್ರತಿಗಳು ಹೆಚ್ಚು ಹೋಗುತ್ತವೆ ಎಂದು ಒಪ್ಪಿದ್ದು. ಈ ಭಾನುವಾರ ನಿನ್ನ ಇಪ್ಪತ್ತಾರನೆಯ ಕಂತಿನ ಎದುರಿನ ಪುಟದಲ್ಲೇ ಬರುತ್ತದೆ. ನನ್ನ ಅಕ್ಷರ ಈಗ ಯಾರಿಗೂ ಓದಲಿಕ್ಕಾಗುವುದಿಲ್ಲ, ಹಾಗಾಗಿ ಶುದ್ಧಪ್ರತಿ ಮಾಡಿದ್ದು ಸೌದಾ. ಸೋಮವಾರದಿಂದ ಶಾಲೆಗೆ ಬರುತ್ತಾಳೆ. ತಂತಿ ಕೊಟ್ಟು ನಿಲ್ಲಿಸಲು ನೋಡಬೇಡ. ಅಚ್ಚಿನ ಮೊಳೆ ಜೋಡಿಸಿ ಮುಗಿದಿದೆ, ಇವತ್ತು ಮಧ್ಯಾಹ್ನ ನಾನೂ ಅವಳೂ ಅಚ್ಚುಕೂಟಕ್ಕೆ ಹೋಗಿ ಕುಳಿತು ಪ್ರೂಫ್ ನೋಡಿ ಬಂದೆವು. ಒಂದು ಕಡೆ ಶೀನಪ್ಪನ ವಯಸ್ಸು ಮೂವತ್ತೆರಡು ಎಂದು ಬಿದ್ದಿತ್ತು. ಅವಳೇ ಕಂಡು ತಿದ್ದಿದಳು, ಇಪ್ಪತ್ತೆರಡು ಎಂದು.